ಶಾಂತವಾದ ದೀಪ

ವಿಭವ ಸಂ. ಮಾಘ ಬಹುಳ ತದಿಗೆ, ಮಂಗಳವಾರ. ನಂಜನಗೂಡು.

ಹಾಳು ಬಲ್ಬು! ತಂತಿಯಲ್ಲಿ ಕರೆಂಟಿದ್ದರೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಪರೀಕ್ಷೆಯ ದೀಪವೆಂದರೆ ಅಷ್ಟೇ ಎಂದು ನಂಬಿದ್ದೆವು. ಬೆಳಿಗ್ಗೆ ಅದನ್ನು ಗಿರಣಿಯ ತಂತಿಗೆ ಮುಟ್ಟಿಸಿದ ನಮ್ಮ ಮೇಸ್ತ್ರಿ ಗುರುಮಲ್ಲಪ್ಪ, “ದೀಪ ಸಾಂತವಾಗೈತೆ ಸಾ,” ಎಂದು ಕೂಗಿ ತಂತಿ ಹಿಡಿದ. ಆರಿದೆ ಎನ್ನಬಾರದಲ್ಲ, ಅಪಶಕುನ.

ಆಮೇಲೆ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಎಳೆಯೇ ಕಡಿದುಹೋಗಿತ್ತು. ಕರೆಂಟು ಇದ್ದೇ ಇತ್ತು.

ಆಸ್ಪತ್ರೆಯಲ್ಲಿ ಅವನಿಗಿನ್ನೂ ಎಚ್ಚರವಿಲ್ಲ. ಅವನ ಹೆಂಡತಿ ಮಲ್ಲಾಜಮ್ಮ ನನ್ನನ್ನೇ ಕೇಳಿದಳು: “ದೀಪ ಸಾಂತವಾಗಿತ್ತಂತಲ್ಲ ಸಾ, ತಂತಿ ಯಾಕೆ ಸಾಂತವಾಗ್ನಿಲ್ಲ?”

 

ಈಗ ನನ್ನವಳು ಬುಡ್ಡಿದೀಪದ ಹತ್ತಿರ ಬಂದು, “ಶಾಂತ ಮಾಡ್ಲಾ?” ಎಂದಳು. ಬೇಡವೆಂದು ಕಿರುಚಿಬಿಟ್ಟೆ. ಉರಿಯಲಿ. ಎಣ್ಣೆ ಇರುವಷ್ಟು ಹೊತ್ತಾದರೂ—