ಬೊಳ್ಳಿಯನ್ನು ಹೊರಗೆ ಕೂರಿಸಿದ್ದು

ಸೆ. 22, ಸೋಮವಾರ
ಕಲಶ ಇಟ್ಟಾಯ್ತು. ಇವರು ಆರತಿ ಮುಗಿಸಿ ಹೋಟೆಲಿಗೆ ಓಡಿದರು, ಉಪವಾಸದವರ ಸಾಬುದಾನ ಖಿಚಡಿಗೆ ರಶ್ ಅಂತೆ. ನಾನು ನೆಲ ಒರೆಸ್ತಾ ಇದ್ದೆ. ಅಡುಗೆಮನೆ ಬಾಗಿಲಲ್ಲಿ ನಮ್ಮ ನಾಯಿ ಬೊಳ್ಳಿ ಮಲಗಿದ್ದ ಜಾಗದಲ್ಲಿ ಕೆಂಪು ಕಲೆ. ಅಯ್ಯೋ ದೇವರೇ! ಚೌತಿಗೆ ತಾನೇ ಬೆದೆ ಮುಗಿದದ್ದು, ಪುನಃ ಎಂತ? ನಾಯಿಯಾದರೂ ಹೆಣ್ಣು ಹೆಣ್ಣೇ. ಕಲಶ ಇರುವ ಮನೆ. ಬಾಲ್ಕನಿಯಲ್ಲಿ ಗೋಣಿ ಹಾಸಿ ಕಟ್ಟಿದೆ. ನನಗೂ ಮಗಳಿಗೂ ಇದೇ ನಿಯಮ, ಇವಳಿಗೆ ಎಂತ ಸ್ಪೆಷಲ್?

ಅಪೇಕ್ಷಾ ಕಾಲೇಜಿನಿಂದ ಬಂದವಳೇ ಮುಖ ಊದಿಸಿದಳು. "ಮಮ್ಮಿ, ವೋ ಡಾಗ್ ಹೈ ಯಾರ್!" ಮೈಲಿಗೆ ಮೈಲಿಗೆಯೇ ಮಾರಾಯ್ತಿ, ಅಂದೆ.

ಸೆ. 24
ಬೊಳ್ಳಿ ನೀರು ಕುಡಿದದ್ದೇ ಕುಡಿದದ್ದು. ಬಾಲ್ಕನಿ ಇಡೀ ಮೂತ್ರ. ಮೊಸರನ್ನ ಮೂಸಿಯೂ ನೋಡಲಿಲ್ಲ. ಡೊಂಬಿವಲಿಯ ಈ ಸೆಕೆಗೆ ಇರಬೇಕು… ಸ್ರಾವ ಈಗ ಹಳದಿ-ಕಂದು. ವಾಸನೆ — ಛೀ. ಪಾಪ, ನೆಕ್ಕಿ ನೆಕ್ಕಿ ಕ್ಲೀನ್ ಮಾಡ್ತಾಳೆ.

ಅಪೇಕ್ಷಾ ಮೊಬೈಲ್ ಹಿಡ್ಕೊಂಡು ಬಂದಳು. "ದೇಖೋ ಮಮ್ಮಿ, ಆಪರೇಷನ್ ನಹೀ ಕಿಯಾ ತೋ ಹೀಟ್ ಕೆ ಬಾದ್ ಇನ್ಫೆಕ್ಷನ್ ಹೋತಾ ಹೈ. ಡಾಕ್ಟರ್ ಕೆ ಪಾಸ್ ಚಲೋ." ಆಪರೇಷನ್ ಮಾಡಿಸದಿದ್ದರೆ ಬೆದೆ ಆದ ಮೇಲೆ ಇನ್ಫೆಕ್ಷನ್ ಆಗ್ತದಂತೆ, ಡಾಕ್ಟರ ಹತ್ತಿರ ಹೋಗಬೇಕಂತೆ. ಇವಳ ಗೂಗಲಿಗೆ ನಮ್ಮ ಮಡಿ ಗೊತ್ತುಂಟಾ? ನವರಾತ್ರಿ ಮುಗೀಲಿ ಅಂದೆ.

ಸೆ. 27, ಶನಿವಾರ
ಕಲೆ ನಿಂತಿತ್ತು. ಅಬ್ಬ, ಮುಗಿಯಿತು, ಮೀಯಿಸಿ ಒಳಗೆ ಕರ್ಕೊಳ್ಳುವ ಅಂತ ಹೋದೆ. ಏಳಲಿಲ್ಲ. ಹಿಂಗಾಲಲ್ಲಿ ಬಲವೇ ಇಲ್ಲ. ಹೊಟ್ಟೆ ಊದಿ ಬಿಗಿ. ಕರೆದರೆ ಬಾಲ ಮಾತ್ರ ಒಂಚೂರು…

ರಿಕ್ಷಾದಲ್ಲಿ ಕಲ್ಯಾಣದ ನಾಯಿ ಡಾಕ್ಟರಲ್ಲಿಗೆ. ಡಾಕ್ಟರ್ ಸುಮೇಧಾ ಹೊಟ್ಟೆ ಮುಟ್ಟಿದ ಕೂಡಲೇ ಸೋನೋಗ್ರಫಿ ಅಂದರು. ಪಾಯೊಮೆಟ್ರಾ ಅಂತೆ. ಗರ್ಭಕೋಶ ಪೂರ್ತಿ ಕೀವು. ಸ್ರಾವ ನಿಂತದ್ದು ಗುಣವಾಗಿ ಅಲ್ಲ, ಗರ್ಭದ ಬಾಯಿ ಮುಚ್ಚಿ ಎಲ್ಲ ಒಳಗೇ ತುಂಬಿ. "ಕಾಕೂ, ಲವಕರ್ ಆಣಾಯ್ಲಾ ಹವಂ ಹೋತಂ." ಬೇಗ ತರಬೇಕಿತ್ತು. ಗೊತ್ತು, ಈಗ ಗೊತ್ತು.

ಈಗಲೇ ಆಪರೇಷನ್ ಅಂತ ಒಳಗೆ ಕರ್ಕೊಂಡು ಹೋಗಿದ್ದಾರೆ. ಅಪೇಕ್ಷಾ ನನ್ನಿಂದ ದೂರದ ಕುರ್ಚಿಯಲ್ಲಿ.

ಸೆ. 28
ಬೊಳ್ಳಿ ಹೋದಳು. ಟೇಬಲ್ ಮೇಲೆಯೇ.

ಅದು ಮುಟ್ಟಿನ ರಕ್ತ ಆಗಿರಲಿಲ್ಲ. ಕಾಯಿಲೆಯವಳನ್ನು ಮೈಲಿಗೆ ಅಂತ ಕಟ್ಟಿ ಹಾಕಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! "ಅದರ ಋಣ ಅಷ್ಟೇ" ಅಂದರು ಇವರು. ಋಣವಂತೆ! ಬುಧವಾರ ಮಗಳ ಮಾತು ಕೇಳಿದ್ದರೆ ಬದುಕ್ತಿದ್ದಳೋ ಏನೋ. ಅಳಲಿಕ್ಕೂ ನಾಚಿಕೆ ನನಗೆ.

ಅ. 2, ವಿಜಯದಶಮಿ
ಅವತ್ತಿನಿಂದ ಅಪೇಕ್ಷಾ ಊಟದ ತಟ್ಟೆ ಹಿಡ್ಕೊಂಡು ತನ್ನ ಕೋಣೆಗೇ ಹೋಗ್ತಿದ್ದಳು. ಇವತ್ತು ಬೆಳಿಗ್ಗೆ ತಾನಾಗಿಯೇ ಬಂದಳು. ಕಡೆಗೂ ಮನಸ್ಸು ಕರಗಿತು ಅಂದುಕೊಂಡೆ. ಹೊಸ್ತಿಲಿನ ಆಚೆಯೇ ನಿಂತಳು. ಎಂದೂ ಇಲ್ಲದೆ ಕನ್ನಡದಲ್ಲಿ —

"ಅಮ್ಮಾ, ನಾನು ಮುಟ್ಟಾಗಿದ್ದೇನೆ. ಬೊಳ್ಳಿಯ ಗೋಣಿ ಎಲ್ಲಿಟ್ಟಿದ್ದೀ?"

ಇವರು ಕಲಶದ ಎದುರು ಗಂಟೆ ಆಡಿಸ್ತಾ ನನ್ನನ್ನೇ ನೋಡಿದರು. ಮಗಳ ಕೈ ಹಿಡಿದು ಒಳಗೆ ಎಳ್ಕೊಳ್ಳಬೇಕಿತ್ತು. ನಾನು ಬಾಲ್ಕನಿಯ ಕಡೆ ಕೈ ತೋರಿಸಿದೆ.