ಸರ್ವಮಂಗಳಾ ಮೇಡಂಗೆ ಒಂದು ಕಾಗದ

ಜೂನ್ 6, ಗುರುವಾರ. ಬೆಳಿಗ್ಗೆ 6.30

ಮತ್ತೆ ನೀರಿಲ್ಲ. ಟ್ಯಾಂಕರ್‌ನವನಿಗೆ ಮೂರು ಸಲ ಫೋನ್ ಮಾಡಿದ್ದಾಯಿತು. ಇದ್ದ ಎರಡು ಬಿಂದಿಗೆಯಲ್ಲೇ ಸ್ನಾನ, ಅಡುಗೆ. ಸೀರೆಗೆ ಇಸ್ತ್ರಿ ಹಾಕಿದ್ದು ಮಗಳು ಮೇಘಶ್ರೀ.

"ಅಮ್ಮ, ಮೆರವಣಿಗೆಗೆ ಹೋಗೋ ಥರ ಹೋಗ್ಬೇಡ. ಇಂಟರ್‌ವ್ಯೂ ಇದು. ಸ್ವಲ್ಪ ನಗು."

ಮಗಳು ಬಿಟಿಎಂನ ಒಂದು ಕಂಪನಿಯಲ್ಲಿ ಎಚ್‌ಆರ್. ಜನರನ್ನು ಸೇರಿಸಿಕೊಳ್ಳುವುದು, ತೆಗೆದುಹಾಕುವುದು ಅವಳ ಕೆಲಸ. ತೆಗೆದುಹಾಕಿದವರನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಫ್ಯಾಕ್ಟರಿ ಗೇಟಿನ ಮುಂದೆ ಕೂಗುವುದು ಹದಿನಾಲ್ಕು ವರ್ಷ ನನ್ನ ಕೆಲಸ. ಅರೆಕೆರೆಯ ಈ ಒಂದೇ ಮನೆಯಲ್ಲಿ ಎರಡೂ.

ನಮ್ಮ ಗಾರ್ಮೆಂಟ್ಸ್ ಯೂನಿಯನ್ ಆಫೀಸಿಗೆ ಬೀಗ ಬಿದ್ದು ಮೂರು ತಿಂಗಳು. ನನಗೆ ನಲವತ್ತೆಂಟು. ಯಾವ ಗಾರ್ಮೆಂಟ್ಸಿನವರೂ ಮತ್ತೆ ಮೆಷಿನ್ ಮುಂದೆ ಕೂರಿಸುವುದಿಲ್ಲ. ಹೆಸರು ಕೇಳಿದರೆ ಸಾಕು ಅವರಿಗೆ. ಈಗ ಪದ್ಮನಾಭನಗರದಲ್ಲಿ ಒಂದು ಟ್ರಸ್ಟಿನ ಹಾಸ್ಟೆಲ್... ವಾರ್ಡನ್ ಬೇಕಂತೆ. ಅರವತ್ತು ಹುಡುಗಿಯರು, ಬಹುಪಾಲು ಗಾರ್ಮೆಂಟ್ಸಿನವರೇ. ನನ್ನವರೇ.

ಬೇಕು ಈ ಕೆಲಸ. ಬೇಡಿ ತೆಗೆದುಕೊಳ್ಳುವುದಿಲ್ಲ. ಆದರೆ ಬೇಕು.

ಅದೇ ದಿನ, ಸಂಜೆ

ಹಾಳಾಗಿಹೋಯಿತು.

ಮೂವರು ಕೂತಿದ್ದರು. ಇಬ್ಬರು ಗಂಡಸರು — ಒಬ್ಬ ತನ್ನ ಮೊಬೈಲ್ ನೋಡುತ್ತಿದ್ದ, ಇನ್ನೊಬ್ಬ ನನ್ನ ಚಪ್ಪಲಿ. ಮಧ್ಯದಲ್ಲಿ ಸರ್ವಮಂಗಳಾ ಅನ್ನುವ ಮೇಡಂ. ರಿಟೈರ್ಡ್ ಹೆಡ್‌ಮಿಸ್ಟ್ರೆಸ್, ಜಯನಗರದವರು. ಬಿಳಿ ಜಡೆ, ಕೈಯಲ್ಲಿ ಕೆಂಪು ಪೆನ್ನು. ಹುಡುಗಿಗೆ ಜ್ವರ ಬಂದರೆ ಏನು ಮಾಡುತ್ತೀರಿ, ಅಡುಗೆಯವರು ಕಿತ್ತಾಡಿದರೆ ಏನು ಮಾಡುತ್ತೀರಿ... ಎಲ್ಲಕ್ಕೂ ಉತ್ತರ ಕೊಟ್ಟೆ. ಚೆನ್ನಾಗಿಯೇ ನಡೆದಿತ್ತು. ಆಗ ಮೇಡಂ ಪೆನ್ನು ಕೆಳಗಿಟ್ಟರು.

"ಎಷ್ಟು ಸಲ ಅರೆಸ್ಟ್ ಆಗಿದ್ದೀರಿ, ಜಯಶೀಲಾ?"

ಮೈ ಉರಿದುಹೋಯಿತು.

"ನಾಲ್ಕು ಸಲ ಮೇಡಂ. ಹೆರಿಗೆ ರಜೆ ಕೇಳಿದ್ದಕ್ಕೆ ಎರಡು. ಟಾಯ್ಲೆಟ್ಟಿಗೆ ಬಾಗಿಲು ಕೇಳಿದ್ದಕ್ಕೆ ಒಂದು. ನಾಲ್ಕನೇದು, ಇನ್ನೂ ಯಾಕೆ ಬಾಗಿಲು ಹಾಕ್ಸಿಲ್ಲ ಅಂತ ಕೇಳಿದ್ದಕ್ಕೆ."

"ಕೇಸ್‌ಗಳು ಏನಾದ್ವು?"

"ಎಲ್ಲಾ ಬಿದ್ದುಹೋದ್ವು. ನಿಮ್ಗೆ ಬೇಜಾರಾಯ್ತಾ?"

ಮೊಬೈಲ್ ಗಂಡಸು ನಕ್ಕ. ಮೇಡಂ ನಗಲಿಲ್ಲ. ಪೆನ್ನು ಎತ್ತಿಕೊಂಡು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು — ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಹಾಗೆ, ಒಂದೊಂದೇ ಮಾತು. ನಮಸ್ಕಾರ ಹೇಳದೆ ಎದ್ದು ಬಂದೆ.

ಜೂನ್ 7, ಶುಕ್ರವಾರ

ಮೇಘಶ್ರೀಯದು ಬೆಳಿಗ್ಗೆಯಿಂದ ಒಂದೇ ಹಟ. "ಥ್ಯಾಂಕ್ಸ್ ಅಂತ ಒಂದು ಮೇಲ್ ಹಾಕು. ಎಲ್ರೂ ಹಾಕ್ತಾರೆ."

"ಯಾವುದಕ್ಕೆ ಥ್ಯಾಂಕ್ಸು? ಕೂತ್ಕೊಳ್ಳಿ ಅಂದಿದ್ದಕ್ಕಾ?"

"ಟೈಂ ಕೊಟ್ರಲ್ಲ, ಅದಕ್ಕೆ."

"ನಾನೂ ಕೊಟ್ಟೆ. ಎರಡು ಬಸ್ ಹತ್ತಿ ಹೋಗಿದ್ದೆ. ಅವರೇ ನನಗೆ ಹಾಕ್ಲಿ."

"ಮೇಲ್ ಬೇಡ, ಕೈಯಲ್ಲೇ ಒಂದು ಕಾಗದ ಬರಿ. ಅಮ್ಮ, ನಿನಗೆ ಕೆಲಸ ಬೇಕಾ, ಗೆಲ್ಬೇಕಾ?"

ಚಳವಳಿಯಲ್ಲಿ ನಮಗೆ ಯಾರೂ ಕೃತಜ್ಞತೆ ಕಲಿಸಲಿಲ್ಲ. ಕೊಟ್ಟರೆ ಅದು ಹಕ್ಕು. ಕೊಡದಿದ್ದರೆ ಅನ್ಯಾಯ. ಅಷ್ಟೇ ಕಲಿತದ್ದು. ಕಂಡಕಂಡವರಿಗೆ ಕೈಮುಗಿದು ಅವ್ವನ ಬೆನ್ನು ಬಾಗಿದ್ದನ್ನು ನೋಡಿ ಬೆಳೆದವಳು ನಾನು.

ಜೂನ್ 8, ಶನಿವಾರ

ಮಗಳ ಮಾತಿಗೆ ಬರೆಯಲು ಕೂತೆ. ಥ್ಯಾಂಕ್ಸ್ ಕಾಗದವೇ. ಸರ್ವಮಂಗಳಾ ಮೇಡಂ ಹೆಸರಿಗೆ, "ಮಾನ್ಯರೇ" ಎಂದು ಶುರು ಮಾಡಿದೆ. ಆಮೇಲೆ ಕೈ ತನ್ನ ದಾರಿ ಹಿಡಿಯಿತು. ಹದಿನಾಲ್ಕು ವರ್ಷ ಒಂದೇ ಥರದ ಕಾಗದ ಬರೆದ ಕೈ.

ವಿಷಯ: ಸಂದರ್ಶನದಲ್ಲಿ ಅಭ್ಯರ್ಥಿಗೆ ಆದ ಅವಮಾನದ ಬಗ್ಗೆ.

ಎರಡು ಪುಟ. "ಹೋರಾಟವನ್ನು ಅಪರಾಧವೆಂದು ಕಾಣುವ ತಮ್ಮ ಮನೋಭಾವವನ್ನು ತೀವ್ರವಾಗಿ ಖಂಡಿಸುತ್ತೇನೆ." ಕೊನೆಗೆ ರೂಢಿಯಂತೆ — ಪ್ರತಿಗಳು: ಅಧ್ಯಕ್ಷರಿಗೆ, ಕಾರ್ಯದರ್ಶಿಗೆ, ಆಡಳಿತ ಮಂಡಳಿಗೆ. ಪ್ರತಿ ಹಾಕದ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ. ಅನುಭವದಿಂದ ಗೊತ್ತು.

ನಾಲ್ಕು ಲಕೋಟೆ. ಸ್ಪೀಡ್ ಪೋಸ್ಟ್. ಪೋಸ್ಟಾಫೀಸಿನಿಂದ ಹೊರಬಂದಾಗ ಎಷ್ಟು ಹಗುರ! ಮೂರು ತಿಂಗಳಲ್ಲಿ ಮೊದಲ ಸಲ ನಾನು ನಾನಾಗಿದ್ದೆ.

ಮನೆಯಲ್ಲಿ "ಕಳಿಸಿದೆ" ಎಂದಷ್ಟೇ ಹೇಳಿದೆ. ಮೇಘಶ್ರೀ ತಬ್ಬಿಕೊಂಡಳು.

ಜೂನ್ 20, ಗುರುವಾರ

ಹನ್ನೆರಡು ದಿನ. ಫೋನಿಲ್ಲ, ಕಾಗದವಿಲ್ಲ. ಇಂಟರ್‌ವ್ಯೂ ದಿನ ಕೊಟ್ಟಿದ್ದ ಮಾರ್ಕ್ಸ್ ಕಾರ್ಡು ವಾಪಸ್ ತರುವ ನೆವ ಮಾಡಿಕೊಂಡು ಟ್ರಸ್ಟಿನ ಆಫೀಸಿಗೆ ಹೋದೆ. ಜಯದೇವಪ್ಪ ಎಂಬ ಹಳೇ ಗುಮಾಸ್ತರು ಫೈಲ್ ತೆಗೆದು ನನ್ನ ಮುಖವನ್ನೇ ನೋಡಿದರು.

"ಏನಮ್ಮಾ ನೀವು... ಲಿಸ್ಟಲ್ಲಿ ಫಸ್ಟ್ ಹೆಸರು ನಿಮ್ದೇ ಇತ್ತಲ್ಲಮ್ಮ."

"ಯಾರು ಹಾಕಿದ್ದು?"

"ಇನ್ಯಾರು, ಸರ್ವಮಂಗಳಾ ಮೇಡಮ್ಮು. ಆ ಇಬ್ಬರು ಸಾರ್‌ಗಳು, ಪೊಲೀಸ್ ಕೇಸಿನ ಹೆಂಗಸು, ಕರೀಲೇಬೇಡಿ ಅಂತ ಹಟ ಹಿಡಿದಿದ್ರು. ಮೇಡಂ ಬಿಡ್ಲಿಲ್ಲ. ಹಿಂದೆ ಮಾತಾಡ್ಬೇಡಿ, ಎದುರಿಗೆ ಕೂರಿಸಿ ನಾನೇ ಕೇಳ್ತೀನಿ, ಅವರ ಬಾಯಿಂದ್ಲೇ ಬಂದಿದ್ದನ್ನ ಬರೆದು ಫೈಲಿಗೆ ಹಾಕ್ತೀನಿ, ಆಮೇಲೆ ಯಾರೂ ಆ ವಿಷಯ ಎತ್ತಂಗಿಲ್ಲ ಅಂದ್ರು."

ಕೂರಲು ಕುರ್ಚಿ ಇರಲಿಲ್ಲ. ನನ್ನ ಕಾಗದ ಏನಾಯಿತು ಎಂದು ನಿಂತೇ ಕೇಳಿದೆ.

"ಮೇಡಂ ಒಬ್ರಿಗೇ ಬರೆದಿದ್ರೆ ಡ್ರಾಯರಿಗೆ ಹಾಕ್ಕೊಂಡು ಸುಮ್ನಿರ್ತಿದ್ರು. ಅಧ್ಯಕ್ಷರಿಗೂ ಕಾಪಿ ಹಾಕಿದ್ರಲ್ಲಮ್ಮ! ಮೀಟಿಂಗ್ ಆಯ್ತು. ಆ ಇಬ್ಬರು ನಿಮ್ಮ ಕಾಗದ ಜೋರಾಗಿ ಓದಿದ್ರು. ನೋಡಿ ನೀವು ಆರಿಸಿದೋರು ನಿಮಗೇ ಏನು ಕೊಟ್ಟಿದ್ದಾರೆ ಅಂತ ನಗು. ಮೇಡಂ ಎದ್ದು ಹೋದ್ರು. ಕಮಿಟೀನೇ ಬಿಟ್ಟುಬಿಟ್ರು. ಕೆಲಸ ಸೆಕ್ರೆಟರಿ ನಾದಿನಿಗೆ ಹೋಯ್ತು."

ಮಾರ್ಕ್ಸ್ ಕಾರ್ಡು ಕೊಟ್ಟರು. ಸಹಿ ಹಾಕಿದೆ.

ಜೂನ್ 23, ಭಾನುವಾರ

ಧೈರ್ಯ ಬರಲು ಮೂರು ದಿನ ಬೇಕಾಯಿತು. ಲಾಠಿ ಎದುರು ಇಷ್ಟು ಯೋಚಿಸಿದವಳಲ್ಲ.

ಜಯನಗರ ಏಳನೇ ಬ್ಲಾಕ್. ಮೇಡಂ ಗೇಟಿನ ಹತ್ತಿರವೇ ಇದ್ದರು, ದಾಸವಾಳಕ್ಕೆ ನೀರು ಹಾಕುತ್ತ. ಒಳಗೆ ಬನ್ನಿ ಎಂದರು. ಯಾವ ಮುಖ ಹೊತ್ತು ಹೋಗಲಿ?

"ಮೇಡಂ, ಆ ಕಾಗದ..."

"ಓದಿದೆ. ಕೆಂಪು ಪೆನ್ನು ಹಿಡ್ಕೊಂಡೇ ಓದಿದೆ. ಒಂದು ತಪ್ಪೂ ಸಿಗ್ಲಿಲ್ಲ." ಪೈಪು ಪಕ್ಕಕ್ಕಿಟ್ಟರು. "ಅಷ್ಟು ಗಟ್ಟಿಯಾಗಿ ಕಾಗದ ಬರೆಯೋದನ್ನ ಆ ಹುಡುಗೀರಿಗೆ ಕಲಿಸ್ತೀರಿ ಅಂತ್ಲೇ ನಿಮ್ಮನ್ನ ಆರಿಸಿದ್ದು ಕಣ್ರೀ. ನನ್ನ ಮೇಲೇ ಪ್ರಾಕ್ಟೀಸ್ ಮಾಡ್ಬಿಟ್ರಿ."

ನಕ್ಕರು. ಬೈದಿದ್ದರೆ ನಿಂತುಕೊಳ್ಳುತ್ತಿದ್ದೆ. ಬೈಗುಳಕ್ಕೆ ನನ್ನ ಬಳಿ ಉತ್ತರ ಇರುತ್ತದೆ.

"ನನ್ನದೂ ತಪ್ಪಿದೆ ಜಯಶೀಲಾ. ಯಾಕೆ ಕೇಳ್ತಿದೀನಿ ಅಂತ ಮೊದ್ಲೇ ಹೇಳ್ಬಹುದಿತ್ತು. ನಮ್ಮಂಥೋರು ಹೇಳಲ್ಲ. ಪ್ರಶ್ನೆ ಕೇಳಿ ಅಭ್ಯಾಸ, ಕಾರಣ ಕೊಟ್ಟು ಅಭ್ಯಾಸ ಇಲ್ಲ. ಕಾಫಿ ಕುಡೀತೀರಾ?"

"ಬೇಡ ಮೇಡಂ. ಬಸ್ಸಿದೆ."

ಯಾವ ಬಸ್ಸೂ ಇರಲಿಲ್ಲ. ಸಾವಿರ ಜನರ ಮುಂದೆ ಘೋಷಣೆ ಕೂಗಿದ ಗಂಟಲು ಇದು. ಒಬ್ಬ ಮುದುಕಿಯ ಮುಂದೆ ಒಂದು ಥ್ಯಾಂಕ್ಸ್ ಹೊರಡಲಿಲ್ಲ. ಬನಶಂಕರಿಯ ತನಕ ನಡೆದೇ ಬಂದೆ.

ಜೂನ್ 24

ಮೇಘಶ್ರೀಗೆ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. ತಟ್ಟೆ ತೊಳೆಯುತ್ತ ಅಂದಳು: "ನಮ್ಮ ಆಫೀಸಲ್ಲೂ ಹಂಗೇ ಅಮ್ಮ. ಒಳಗೆ ಯಾರೋ ಒಬ್ರು ನಮ್ಮ ಪರ ಜಗಳ ಆಡಿರ್ತಾರೆ. ಹೊರಗಿರೋರಿಗೆ ಗೊತ್ತೇ ಆಗಲ್ಲ."

ಒಳಗೂ ಹೋರಾಟ ಇರುತ್ತದೆ. ಇಷ್ಟು ವರ್ಷ ಗೇಟಿನ ಹೊರಗೆ ನಿಂತವಳಿಗೆ ಹೊಳೆಯಲೇ ಇಲ್ಲ.

ಜುಲೈ 2, ಮಂಗಳವಾರ

ಜಯದೇವಪ್ಪ ಫೋನ್ ಮಾಡಿದ್ದರು. ಹೊಸ ವಾರ್ಡನ್ ರಾತ್ರಿ ಎಂಟಕ್ಕೆ ಗೇಟಿಗೆ ಬೀಗ ಹಾಕುತ್ತಾಳಂತೆ. ಓವರ್‌ಟೈಂ ಮುಗಿಸಿ ಬಂದ ಇಬ್ಬರು ಹುಡುಗಿಯರು ಒಂದು ಗಂಟೆ ಫುಟ್‌ಪಾತಿನಲ್ಲಿ ಕೂತಿದ್ದರಂತೆ. ಆ ಬೀಗದ ಕೈ ನನ್ನ ಸೊಂಟದಲ್ಲಿರಬೇಕಿತ್ತು. ನಾನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿಕೊಟ್ಟೆ.

ಇದಕ್ಕೊಂದು ಖಂಡನೆ ಬರೆಯುತ್ತೇನೆ. ಎಲ್ಲರಿಗೂ ಪ್ರತಿ ಹಾಕುತ್ತೇನೆ. ನಾಳೆ.

ಇವತ್ತು ಇನ್ನೊಂದು ಕಾಗದ ಬಾಕಿ ಇದೆ, ಮಗಳು ಅವತ್ತೇ ಬರಿ ಅಂದಿದ್ದು. ಹಾಳೆ ತೆಗೆದೆ. "ವಿಷಯ" ಎಂದು ಬರೆದು ಹೊಡೆದುಹಾಕಿದೆ. ಪ್ರತಿ — ಯಾರಿಗೂ ಇಲ್ಲ. ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಮೇಡಂ,

ಅವತ್ತು ನೀವು ಪೆನ್ನು ಕೆಳಗಿಟ್ಟು ಕೇಳಿದಿರಲ್ಲ, ಅದಕ್ಕೆ