ಮತ್ತೆ ಬಡಿದ ಗಾಲಿಗಳು

ಅಪ್ಪ,

ನೀನಿರುವ ಕಡೆಗೆ ಅಂಚೆ ಹೋಗುವುದಿಲ್ಲ, ಗೊತ್ತು.

ಈ ಬೆಳಿಗ್ಗೆ ರೆಜಿಯಾನಿತೊ ಚೀಸಿನ ದಪ್ಪ ದುಂಡು ಗಾಲಿಗಳನ್ನು ಬಡಿದು ನೋಡಿದೆ. ಅಜ್ಜ ಇಟಲಿಯಿಂದ ಅರ್ಜೆಂಟೀನಾಕ್ಕೆ ಬಂದು, ಒಬ್ಬರೇ ಎತ್ತುವಷ್ಟು ಚಿಕ್ಕದಾಗಿ ಮಾಡಲು ಕಲಿಸಿದ ಅದೇ ಗಾಲಿ, ನಿನ್ನದೇ ಪುಟ್ಟ ಸುತ್ತಿಗೆ. ಒಳಗೆ ಪೊಳ್ಳಿದ್ದರೆ ಸದ್ದೇ ಹೇಳುತ್ತದೆ ಎನ್ನುತ್ತಿದ್ದೆಯಲ್ಲ. ಈಗೀಗ ನನಗೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ. ನಲವತ್ತು ಗಾಲಿಗೇ ತೋಳೂ ಸೋತುಹೋಗುತ್ತದೆ.

"ಎಲ್ಲಾ ಗಟ್ಟಿ ಇದೆ ಕಣೇ," ಎಂದೆ ಮಗಳು ಓರ್ನೆಲಾಗೆ.

"ನೀನು ಹೇಳಿದ್ಮೇಲೆ ಮುಗೀತಲ್ಲಮ್ಮ. ಹೋಗು, ಮಾಟೆ ಕಷಾಯ ಆರೋಗತ್ತೆ."

ಹೋದವಳು ಕನ್ನಡಕ ಮರೆತೆನೆಂದು ಹಿಂತಿರುಗಿದೆ. ಬಾಗಿಲ ಸಂದಿಯಲ್ಲಿ ಕಂಡಿತು: ನಾನು ಬಡಿದ ಗಾಲಿಗಳನ್ನೇ ಅವಳು ಕಿವಿಯೊಡ್ಡಿ, ಮೆಲ್ಲಗೆ ಮತ್ತೆ ಬಡಿಯುತ್ತಿದ್ದಳು. ಮೂರನ್ನು ಆಗಲೇ ಪಕ್ಕಕ್ಕಿಟ್ಟಿದ್ದಳು.

ವರ್ಷಗಳ ಹಿಂದೆ, ಅವತ್ತು ನಿನ್ನ ಕಿವಿಗೆ ತಪ್ಪಿದ್ದು ಒಂದೇ ಒಂದು ಪೊಳ್ಳು ಗಾಲಿ. ಕೆಲಸದವರೆಲ್ಲರ ಎದುರು ನಾನು ನಿನ್ನ ಕೈಯಿಂದ ಈ ಸುತ್ತಿಗೆ ಕಿತ್ತುಕೊಂಡು, "ಸಾಕಪ್ಪ, ಕಿವಿ ಸತ್ತೋಗಿದೆ ನಿಂಗೆ! ಮನೇಲಿ ಬಿದ್ದಿರು," ಎಂದಿದ್ದೆ. ನೀನು ಏಪ್ರನ್ ಬಿಚ್ಚಿ, ಮಡಚಿಟ್ಟು ಹೋದೆ.

ತುಂಬ ದಣಿದಿದ್ದೇನೆ. ಇವತ್ತು ಕನ್ನಡಕಕ್ಕಾಗಿ ಒಳಗೆ ಹೋಗಲೇಬೇಕಿತ್ತು. ಬಾಗಿಲ ಹೊರಗೇ ನಿಂತು ಎರಡು ಸಲ ಜೋರಾಗಿ ಕೆಮ್ಮಿದೆ, ಅವಳು ಸುತ್ತಿಗೆ ಕೆಳಗಿಡಲಿ ಎಂದು.